ಮಕ್ಕಳ ಹಲ್ಲಿನ ಎಕ್ಸ್‌ರೇ: ಅಪ್ಪ ಅಮ್ಮ ಪದೇ ಪದೇ ಕೇಳುವ ಪ್ರಶ್ನೆಗಳು

ಮಗುವಿನ ಹಲ್ಲಿಗೆ ಎಕ್ಸ್‌ರೇ ಬೇಕು ಎಂದ ಕೂಡಲೇ ಅಪ್ಪ ಅಮ್ಮಂದಿರಿಗೆ ಎರಡು ಚಿಂತೆ ಒಟ್ಟಿಗೇ ಶುರುವಾಗುತ್ತವೆ. ತೆಗೆಸಿದರೆ ಮಗುವಿಗೆ ಏನಾದರೂ ತೊಂದರೆ ಆಗುತ್ತಾ? ತೆಗೆಸದಿದ್ದರೆ ಏನಾದರೂ ಗೊತ್ತಾಗದೆ ಉಳಿದುಬಿಡುತ್ತಾ? ಎರಡೂ ನ್ಯಾಯವಾದ ಚಿಂತೆಗಳೇ. ಮಕ್ಕಳ ಹಲ್ಲು ನೋಡುವ ಡಾಕ್ಟರಾಗಿ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಓದಿಕೊಂಡು ಹೋಗಿ, ನಿಮ್ಮ ಡಾಕ್ಟರ ಹತ್ತಿರ ಧೈರ್ಯವಾಗಿ ಕೇಳಿ.

ಹಲ್ಲು ಕಣ್ಣಿಗೇ ಕಾಣುತ್ತದಲ್ಲ, ಎಕ್ಸ್‌ರೇ ಯಾಕೆ?

ಹಲ್ಲಿನ ಎಲ್ಲ ಭಾಗವೂ ಕಣ್ಣಿಗೆ ಕಾಣುವುದಿಲ್ಲ. ಮಕ್ಕಳ ದವಡೆ ಹಲ್ಲುಗಳಲ್ಲಂತೂ ಇದು ದೊಡ್ಡ ವಿಷಯ.

ಹಾಲಿನ ದವಡೆ ಹಲ್ಲುಗಳು ಒಂದಕ್ಕೊಂದು ಅಗಲವಾಗಿ ತಾಗಿಕೊಂಡು ಕೂತಿರುತ್ತವೆ. ಕಪಾಟಿನಲ್ಲಿ ಬಿಗಿಯಾಗಿ ಜೋಡಿಸಿದ ಎರಡು ಪುಸ್ತಕಗಳ ರಟ್ಟುಗಳ ಹಾಗೆ, ನಡುವೆ ಏನಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಹುಳುಕು ಶುರುವಾಗಲು ಇಷ್ಟಪಡುವ ಜಾಗವೂ ಅದೇ. ಬ್ರಷ್ ಅಲ್ಲಿಗೆ ಹೋಗುವುದಿಲ್ಲ, ಕನ್ನಡಿ ಹಿಡಿದು ನೋಡಿದರೂ ಕಾಣುವುದಿಲ್ಲ. ಮೇಲಿನಿಂದ ನೋಡಿದರೆ ಹಲ್ಲು ಬೆಳ್ಳಗೆ, ಗಟ್ಟಿಯಾಗಿ ಇರುತ್ತದೆ. ಒಂದು ದಿನ ಅಂಚಿನಲ್ಲಿ ಬೂದು ಬಣ್ಣದ ನೆರಳು ಕಾಣಿಸಿಕೊಳ್ಳುತ್ತದೆ, ಇಲ್ಲವೇ ಊಟ ಮಾಡುವಾಗ ಅಂಚು ಮುರಿದು ಬೀಳುತ್ತದೆ. ಅಷ್ಟರಲ್ಲಿ ಹುಳುಕು ಬಹಳ ಸಲ ನರದ ಹತ್ತಿರಕ್ಕೆ ಹೋಗಿರುತ್ತದೆ.

ಹಾಲುಹಲ್ಲಿನ ಎನಾಮೆಲ್, ಅಂದರೆ ಹೊರಗಿನ ಗಟ್ಟಿ ಪದರ, ಶಾಶ್ವತ ಹಲ್ಲಿನದಕ್ಕಿಂತ ತೆಳು, ಸುಮಾರು ಅರ್ಧದಷ್ಟು. ಒಳಗಿನ ನರವಿರುವ ಜಾಗ ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು. ಹಾಗಾಗಿ ಹುಳುಕಿಗೆ ದಾರಿ ಚಿಕ್ಕದು. ಬೇಗ ಕಂಡುಹಿಡಿದರೆ ಚಿಕ್ಕ ಫಿಲ್ಲಿಂಗ್‌ನಲ್ಲಿ ಮುಗಿಯುತ್ತದೆ, ಕೆಲವೊಮ್ಮೆ ಫಿಲ್ಲಿಂಗ್ ಕೂಡ ಬೇಕಾಗುವುದಿಲ್ಲ. ತಡವಾದರೆ ನರದ ಚಿಕಿತ್ಸೆ, ಕ್ಯಾಪ್, ಇಲ್ಲವೇ ಹಲ್ಲು ಕೀಳುವುದು.

ಇದಲ್ಲದೆ ಬೇರು, ಅದರ ಸುತ್ತಲಿನ ಮೂಳೆ, ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿನ ಮೊಳಕೆ, ಎಲ್ಲೋ ಸೇರಿಕೊಂಡ ಕೀವು, ಇವೂ ಕಣ್ಣಿಗೆ ಸಿಗುವಂಥವಲ್ಲ.

ಹಾಲುಹಲ್ಲು ಹೇಗೂ ಬಿದ್ದುಹೋಗುತ್ತದೆ. ಅದಕ್ಕೆ ಇಷ್ಟೆಲ್ಲ ಯಾಕೆ?

ಮುಂದಿನ ಹಲ್ಲುಗಳು 6–7 ವರ್ಷಕ್ಕೆ ಬೀಳುತ್ತವೆ, ನಿಜ. ದವಡೆ ಹಲ್ಲುಗಳು ಹಾಗಲ್ಲ. ಅವು ಸಾಮಾನ್ಯವಾಗಿ 10ರಿಂದ 12 ವರ್ಷದವರೆಗೂ ಬಾಯಲ್ಲಿ ಇರಬೇಕು. ನಾಲ್ಕು ವರ್ಷದ ಮಗುವಿನ ದವಡೆ ಹಲ್ಲು ಹುಳುಕಾದರೆ ಅದು ಇನ್ನೂ ಆರೇಳು ವರ್ಷ ಕೆಲಸ ಮಾಡಬೇಕಾದ ಹಲ್ಲು. ಅಷ್ಟು ದಿನ ಮಗು ನೋವು ತಡೆದುಕೊಂಡು ಇರಬೇಕಾ? ಹಲ್ಲು ಬೇಗ ಹೋದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ, ಆಮೇಲೆ ಬರುವ ಹಲ್ಲಿಗೆ ಜಾಗ ಸಾಲುವುದಿಲ್ಲ. ಬೇರಿನ ತುದಿಯ ಸೋಂಕು ಕೆಳಗಿರುವ ಮೊಳಕೆಗೂ ತಾಗಬಹುದು.

ಮೊದಲ ಎಕ್ಸ್‌ರೇ ಯಾವ ವಯಸ್ಸಿಗೆ?

ಇಷ್ಟೇ ವಯಸ್ಸು ಎಂದು ಇಲ್ಲ. ಮಗುವಿನ ಹಲ್ಲುಗಳ ನಡುವೆ ಸಂದು ಇದೆ, ಎಲ್ಲ ಬದಿಯೂ ಕಣ್ಣಿಗೆ ಕಾಣುತ್ತಿದೆ, ಹುಳುಕಿನ ಗುರುತು ಎಲ್ಲೂ ಇಲ್ಲ ಎಂದಾದರೆ ಸದ್ಯಕ್ಕೆ ಎಕ್ಸ್‌ರೇ ಬೇಡವೇ ಬೇಡ. ದವಡೆ ಹಲ್ಲುಗಳು ತಾಗಿಕೊಂಡು ಸಂದು ಮುಚ್ಚಿದ ಮೇಲೆ ಯೋಚನೆ ಮಾಡಬೇಕು. ಹಲವು ಮಕ್ಕಳಲ್ಲಿ ಇದು ನಾಲ್ಕೈದು ವರ್ಷದ ಸುಮಾರಿಗೆ ಬರುತ್ತದೆ. ಬಿದ್ದು ಹಲ್ಲಿಗೆ ಪೆಟ್ಟಾಗಿದ್ದರೆ, ಮುಖ ಊದಿಕೊಂಡಿದ್ದರೆ ಎರಡು ವರ್ಷದ ಮಗುವಿಗೂ ಬೇಕಾಗಬಹುದು.

ಹಾಗಾದರೆ ಎಷ್ಟು ತಿಂಗಳಿಗೆ ಒಮ್ಮೆ ತೆಗೆಸಬೇಕು?

ಇದೇ ನನ್ನ ಪ್ರಕಾರ ಅತಿ ಮುಖ್ಯವಾದ ಪ್ರಶ್ನೆ. ಎಕ್ಸ್‌ರೇ ತೆಗೆಯಬೇಕಾದದ್ದು ಕ್ಯಾಲೆಂಡರ್ ನೋಡಿ ಅಲ್ಲ, ಮಗುವಿನ ಬಾಯಿ ನೋಡಿ.

ಅಮೆರಿಕದಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಮಾರ್ಗಸೂಚಿ ಹೀಗಿದೆ. ಹುಳುಕು ಇರುವ ಅಥವಾ ಬರುವ ಸಾಧ್ಯತೆ ಜಾಸ್ತಿ ಇರುವ ಮಗುವಿಗೆ, ಸಂದುಗಳನ್ನು ಕಣ್ಣಿನಿಂದ ಪರೀಕ್ಷಿಸಲು ಆಗದಿದ್ದರೆ, 6ರಿಂದ 12 ತಿಂಗಳಿಗೊಮ್ಮೆ ದವಡೆ ಹಲ್ಲುಗಳ ಬೈಟ್‌ವಿಂಗ್ (ಚಿಕ್ಕ ಪಟ್ಟಿ ಕಚ್ಚಿಸಿ ತೆಗೆಯುವ) ಎಕ್ಸ್‌ರೇ. ಹುಳುಕು ಇಲ್ಲದ, ಅಪಾಯ ಕಡಿಮೆ ಇರುವ ಮಗುವಿಗೆ, ಸಂದುಗಳು ಹಾಗೆಯೇ ಕಾಣದಿದ್ದರೆ, 12ರಿಂದ 24 ತಿಂಗಳಿಗೊಮ್ಮೆ. ಶಾಶ್ವತ ಹಲ್ಲು ಬಂದಿರುವ, ಹುಳುಕಿಲ್ಲದ ಹದಿಹರೆಯದವರಿಗೆ 18ರಿಂದ 36 ತಿಂಗಳಿಗೊಮ್ಮೆ. ಈ ಅಂಕಿಗಳನ್ನೂ ಕಣ್ಣುಮುಚ್ಚಿ ಪಾಲಿಸುವ ಹಾಗಿಲ್ಲ. ಮೊದಲು ಬಾಯಿ ಪರೀಕ್ಷೆ, ಆಮೇಲೆ ತೀರ್ಮಾನ.

ಅಪಾಯ ಜಾಸ್ತಿ ಎಂದರೆ ಯಾರಿಗೆ? ಈಗಾಗಲೇ ಹುಳುಕು ಆಗಿರುವ ಮಗು, ರಾತ್ರಿ ಹಾಲಿನ ಬಾಟಲಿ ಬಾಯಲ್ಲಿಟ್ಟೇ ಮಲಗುವ ಮಗು, ದಿನವಿಡೀ ಸಿಹಿ ತಿಂಡಿ ಇಲ್ಲವೇ ಜ್ಯೂಸ್ ಬಾಯಾಡಿಸುವ ಮಗು, ಹಲ್ಲುಗಳ ಮೇಲೆ ಬಿಳಿ ಮಚ್ಚೆ ಇರುವ ಮಗು, ಔಷಧದಿಂದ ಬಾಯಿ ಒಣಗುವ ಮಗು, ಬ್ರಷ್ ಮಾಡಿಸಲು ಆಗದಂಥ ವಿಶೇಷ ಅಗತ್ಯವಿರುವ ಮಗು. ಅಪ್ಪ ಅಮ್ಮ, ಅಣ್ಣ ಅಕ್ಕಂದಿರಿಗೆ ತುಂಬಾ ಹುಳುಕಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ.

ಡಾಕ್ಟರು ಬಾಯಿ ನೋಡುವ ಮೊದಲೇ, ಬಂದವರಿಗೆಲ್ಲ ಎಕ್ಸ್‌ರೇ ತೆಗೆಯುವ ಪದ್ಧತಿ ಸರಿಯಲ್ಲ. ಹಾಗೆಯೇ, ವರ್ಷಗಟ್ಟಲೆ ಒಂದೂ ಎಕ್ಸ್‌ರೇ ಇಲ್ಲದೆ "ಎಲ್ಲ ಚೆನ್ನಾಗಿದೆ" ಎಂದು ಹೇಳಿ ಕಳಿಸುವುದೂ ಸರಿಯಲ್ಲ. ನೀವು ಕೇಳಬೇಕಾದ ಒಂದೇ ಮಾತು: "ಈ ಚಿತ್ರ ನೋಡಿದ ಮೇಲೆ ನೀವು ಏನು ತೀರ್ಮಾನ ಮಾಡುತ್ತೀರಿ, ಡಾಕ್ಟರೇ?" ಇದಕ್ಕೆ ಸ್ಪಷ್ಟ ಉತ್ತರ ಸಿಕ್ಕರೆ ಎಕ್ಸ್‌ರೇಗೆ ಕಾರಣ ಇದೆ ಎಂದು ತಿಳಿಯಿರಿ.

ಎಷ್ಟು ಬಗೆ ಇವೆ? ನಮ್ಮ ಮಗುವಿಗೆ ಯಾವುದು?

ಬೈಟ್‌ವಿಂಗ್: ಮಗು ಒಂದು ಚಿಕ್ಕ ಪಟ್ಟಿಯನ್ನು ಕಚ್ಚಿ ಹಿಡಿಯುತ್ತದೆ. ಮೇಲಿನ, ಕೆಳಗಿನ ದವಡೆ ಹಲ್ಲುಗಳ ಸಂದು ಒಂದೇ ಚಿತ್ರದಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ಎಡಕ್ಕೊಂದು, ಬಲಕ್ಕೊಂದು, ಒಟ್ಟು ಎರಡು ಸಾಕು. ಹುಳುಕು ಹುಡುಕಲು ಇದೇ ಮುಖ್ಯ.

ಪೆರಿಯಾಪಿಕಲ್: ಒಂದೆರಡು ಹಲ್ಲುಗಳನ್ನು ಬೇರಿನ ತುದಿಯವರೆಗೆ ತೋರಿಸುತ್ತದೆ. ನೋವು, ಬಾವು, ಪೆಟ್ಟು, ನರದ ಚಿಕಿತ್ಸೆ ಇದ್ದಾಗ ಬೇಕು.

ಅಕ್ಲೂಸಲ್: ಫಿಲ್ಮನ್ನು ಬಿಸ್ಕತ್ತು ಕಚ್ಚಿದ ಹಾಗೆ ಅಡ್ಡ ಇಟ್ಟು ಕಚ್ಚುವುದು. ಪುಟ್ಟ ಮಕ್ಕಳ ಮುಂದಿನ ಹಲ್ಲಿಗೆ ಇದು ಸುಲಭ.

ಓಪಿಜಿ: ಮಗು ನಿಂತಿರುತ್ತದೆ, ಯಂತ್ರ ತಲೆಯ ಸುತ್ತ ತಿರುಗುತ್ತದೆ. ಎರಡೂ ದವಡೆ, ಎಲ್ಲ ಹಲ್ಲು, ಒಳಗಿನ ಮೊಳಕೆಗಳು ಒಂದೇ ಚಿತ್ರದಲ್ಲಿ ಬರುತ್ತವೆ. ಬಾಯೊಳಗೆ ಫಿಲ್ಮ್ ಇಡುವ ರಗಳೆ ಇಲ್ಲ. ಆದರೆ ಹತ್ತು ಹದಿನೈದು ಸೆಕೆಂಡು ಅಲ್ಲಾಡದೆ ನಿಲ್ಲಬೇಕು, ಅದಕ್ಕೇ ತೀರಾ ಚಿಕ್ಕವರಿಗೆ ಆಗುವುದಿಲ್ಲ. ಹಲ್ಲು ಸಂದಿನ ಚಿಕ್ಕ ಹುಳುಕಿಗೆ ಇದು ಬೈಟ್‌ವಿಂಗ್‌ನಷ್ಟು ಸ್ಪಷ್ಟವೂ ಅಲ್ಲ. "ಎಲ್ಲಾ ಒಂದರಲ್ಲೇ ಬರುತ್ತಲ್ಲ, ಅದೇ ತೆಗೆಯಿರಿ" ಎಂದು ಕೇಳುವವರಿಗೆ ನಾನು ಹೇಳುವುದು ಇದನ್ನೇ.

ರೇಡಿಯೇಶನ್ ಎಷ್ಟು? ನಿಜ ಹೇಳಿ.

ಹೇಳುತ್ತೇನೆ. ಭೂಮಿಯ ಮೇಲೆ ಬದುಕುವ ಪ್ರತಿಯೊಬ್ಬರಿಗೂ ಮಣ್ಣು, ಗಾಳಿ, ಆಕಾಶ, ಆಹಾರದಿಂದ ಸ್ವಲ್ಪ ವಿಕಿರಣ ತಾಗುತ್ತಲೇ ಇರುತ್ತದೆ. ಅದನ್ನು ಸೀವರ್ಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ; ಒಂದು ಮಿಲಿಸೀವರ್ಟ್ ಎಂದರೆ ಸಾವಿರ ಮೈಕ್ರೋಸೀವರ್ಟ್. ಪ್ರಪಂಚದ ಸರಾಸರಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್, ಅಂದರೆ ದಿನಕ್ಕೆ ಆರೇಳು ಮೈಕ್ರೋಸೀವರ್ಟ್. ಡಿಜಿಟಲ್ ಇಲ್ಲವೇ ವೇಗದ ಫಿಲ್ಮ್ ಬಳಸಿ, ಕಿರಣವನ್ನು ಆಯತಾಕಾರಕ್ಕೆ ಕಿರಿದು ಮಾಡಿ ತೆಗೆದ ನಾಲ್ಕು ಬೈಟ್‌ವಿಂಗ್‌ಗಳಿಂದ ಬರುವುದು ಸುಮಾರು 5 ಮೈಕ್ರೋಸೀವರ್ಟ್. ಚಿಕ್ಕ ಮಗುವಿಗೆ ಎರಡೇ ಸಾಕಾಗುವುದರಿಂದ ಇನ್ನೂ ಕಡಿಮೆ. ಒಂದು ಇಡೀ ದಿನ ಸುಮ್ನೆ ಮನೆಯಲ್ಲಿ ಕೂತಿದ್ದರೂ ತಾಗುವುದಕ್ಕಿಂತ ಜಾಸ್ತಿ ಅಲ್ಲ. ಓಪಿಜಿಯಲ್ಲಿ ಯಂತ್ರಕ್ಕೆ ತಕ್ಕಂತೆ ಸುಮಾರು 10ರಿಂದ 25 ಮೈಕ್ರೋಸೀವರ್ಟ್, ಅಂದರೆ ಕೆಲವು ದಿನಗಳದ್ದು.

ಹಳೆಯ ಭಯಕ್ಕೆ ಕಾರಣ ಇಲ್ಲದಿಲ್ಲ. ಜರ್ಮನಿಯ ವಿಜ್ಞಾನಿ ರಾಂಟ್ಜನ್ 1895ರ ಕೊನೆಗೆ ಎಕ್ಸ್‌ರೇ ಕಂಡುಹಿಡಿದರು. ಕೆಲವೇ ವಾರಗಳಲ್ಲಿ, 1896ರ ಜನವರಿಯಲ್ಲಿ, ಅಲ್ಲಿಯದೇ ಹಲ್ಲಿನ ಡಾಕ್ಟರ್ ಒಟ್ಟೊ ವಾಲ್ಕ್‌ಹಾಫ್ ತಮ್ಮದೇ ಹಲ್ಲಿನ ಎಕ್ಸ್‌ರೇ ತೆಗೆಸಿಕೊಂಡರು. ಅದಕ್ಕೆ 25 ನಿಮಿಷ ಕಿರಣದ ಮುಂದೆ ಇರಬೇಕಾಯಿತು. ಇಂದು ಒಂದು ಹಲ್ಲಿನ ಚಿತ್ರಕ್ಕೆ ಒಂದು ಸೆಕೆಂಡು ಕೂಡ ಬೇಡ.

ಸ್ವಿಚ್ ಬಿಟ್ಟ ಕ್ಷಣವೇ ಕಿರಣ ನಿಲ್ಲುತ್ತದೆ. ಮಗುವಿನ ಮೈಯಲ್ಲಾಗಲಿ ಕೋಣೆಯಲ್ಲಾಗಲಿ ಏನೂ ಉಳಿಯುವುದಿಲ್ಲ. ಮನೆಗೆ ಬಂದು ತಂಗಿಯನ್ನು ಎತ್ತಿಕೊಂಡರೆ ತಂಗಿಗೆ ಏನೂ ಆಗುವುದಿಲ್ಲ.

ಇಷ್ಟು ಕಡಿಮೆ ಅಂದಮೇಲೆ ಎಚ್ಚರಿಕೆ ಯಾಕೆ?

ಯಾಕೆಂದರೆ ಅವರು ಮಕ್ಕಳು. ಬೆಳೆಯುವ ಮೈಯಲ್ಲಿ ಜೀವಕೋಶಗಳು ಬೇಗ ಬೇಗ ಒಡೆದು ಹೆಚ್ಚುತ್ತಿರುತ್ತವೆ. ಅಂಥ ಕೋಶಗಳಿಗೆ ವಿಕಿರಣ ಹೆಚ್ಚು ತಾಗುತ್ತದೆ. ಮುಂದೆ ಬದುಕಬೇಕಾದ ವರ್ಷಗಳೂ ಜಾಸ್ತಿ. ಥೈರಾಯ್ಡ್ ಗ್ರಂಥಿ ಬಾಯಿಗೆ ಹತ್ತಿರವೇ ಇದೆ. ಒಂದು ಎಕ್ಸ್‌ರೇಯ ಅಪಾಯ ತುಂಬಾ ತುಂಬಾ ಚಿಕ್ಕದು, ಆದರೆ ಕಾರಣವಿಲ್ಲದ ಎಕ್ಸ್‌ರೇಯಿಂದ ಮಗುವಿಗೆ ಲಾಭವೇ ಇಲ್ಲವಲ್ಲ! ಲಾಭ ಇಲ್ಲದ ಕಡೆ ಚಿಕ್ಕ ಅಪಾಯವೂ ಬೇಡ.

ಸೀಸದ ಏಪ್ರನ್ ಹಾಕಲಿಲ್ಲ. ಇದು ತಪ್ಪಲ್ವಾ?

ಈಗ ತಪ್ಪು ಎನ್ನಲಾಗದು. ದಶಕಗಳ ಕಾಲ ಏಪ್ರನ್, ಕುತ್ತಿಗೆ ಪಟ್ಟಿ ಹಾಕುವುದೇ ರೂಢಿಯಾಗಿತ್ತು. 2024ರಲ್ಲಿ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ ಹಲ್ಲಿನ ಎಕ್ಸ್‌ರೇಗೆ ಇವೆರಡೂ ಬೇಕಿಲ್ಲ ಎಂದು ಹೇಳಿತು, ಮಕ್ಕಳಿಗೂ ಸೇರಿಸಿ. ಇಂದಿನ ಯಂತ್ರಗಳಲ್ಲಿ ಕಿರಣ ಕಿರಿದಾಗಿ ಹಲ್ಲಿನ ಕಡೆಗೇ ಹೋಗುತ್ತದೆ. ಹೊಟ್ಟೆ, ಎದೆಯ ಕಡೆ ಹೋಗುವ ಅಲ್ಪಸ್ವಲ್ಪವೂ ಹೆಚ್ಚಾಗಿ ಮೈಯೊಳಗೇ ಚದುರಿ ಹೋಗುವಂಥದ್ದು, ಅದನ್ನು ಹೊರಗಿನ ಏಪ್ರನ್ ತಡೆಯಲಾರದು. ಓಪಿಜಿಯಲ್ಲಂತೂ ಕುತ್ತಿಗೆ ಪಟ್ಟಿ ಚಿತ್ರಕ್ಕೆ ಅಡ್ಡ ಬಂದರೆ ಮತ್ತೊಮ್ಮೆ ತೆಗೆಯಬೇಕಾಗುತ್ತದೆ. ಆಗ ರಕ್ಷಣೆಗೆಂದು ಹಾಕಿದ್ದೇ ಮಗುವಿಗೆ ಎರಡು ಪಾಲು ವಿಕಿರಣ ಕೊಟ್ಟಂತಾಗುತ್ತದೆ.

ಎಲ್ಲ ಕಡೆಯ ನಿಯಮ ಒಂದೇ ಅಲ್ಲ. ಏಪ್ರನ್ ಹಾಕಿದರೂ ಹೆದರಬೇಡಿ, ಹಾಕದಿದ್ದರೂ ಹೆದರಬೇಡಿ. ನಿಮ್ಮ ಮನಸ್ಸಿಗೆ ಸಮಾಧಾನ ಬೇಕಿದ್ದರೆ ಕೇಳಿ ಹಾಕಿಸಿಕೊಳ್ಳಬಹುದು, ಚಿತ್ರಕ್ಕೆ ಅಡ್ಡ ಬರಬಾರದು ಅಷ್ಟೇ.

ಹಾಗಾದರೆ ವಿಕಿರಣ ಕಡಿಮೆ ಮಾಡಲು ನಿಜವಾಗಿ ಕೆಲಸಕ್ಕೆ ಬರುವುದು ಏನು?

ಮೊದಲನೆಯದು, ಬೇಡದ ಎಕ್ಸ್‌ರೇ ತೆಗೆಯದಿರುವುದು. ಆಮೇಲೆ ಕಿರಣ ಹೊರಬರುವ ಕೊಳವೆಯ ಬಾಯಿ. ಅದು ದುಂಡಗಿದ್ದರೆ ಕಿರಣ ಫಿಲ್ಮಿನ ಆಚೆಗೂ ಸುಮ್ನೆ ಚೆಲ್ಲುತ್ತದೆ. ಫಿಲ್ಮಿನ ಆಕಾರಕ್ಕೆ ತಕ್ಕಂತೆ ಆಯತವಾಗಿದ್ದರೆ ವಿಕಿರಣ ಅರ್ಧಕ್ಕಿಂತಲೂ ಕೆಳಗೆ ಇಳಿಯಬಹುದು. ಏಪ್ರನ್ ಬಗ್ಗೆ ಎಲ್ಲರೂ ಕೇಳುತ್ತಾರೆ, ಇದರ ಬಗ್ಗೆ ಯಾರೂ ಕೇಳುವುದಿಲ್ಲ. ದಯವಿಟ್ಟು ಕೇಳಿ. ಯಂತ್ರವನ್ನು ಮಗುವಿನ ಗಾತ್ರಕ್ಕೆ ಹೊಂದಿಸಿದ್ದಾರಾ ಎಂದೂ ಕೇಳಿ. ದೊಡ್ಡವರಿಗೆ ಇಟ್ಟ ಸೆಟ್ಟಿಂಗ್‌ನಲ್ಲೇ ಮಗುವಿಗೆ ತೆಗೆಯಬಾರದು. ಕೊನೆಯದಾಗಿ, ಮೊದಲ ಸಲವೇ ಚಿತ್ರ ಸರಿಯಾಗಿ ಬರುವಂತೆ ಮಗುವನ್ನು ಸಿದ್ಧ ಮಾಡುವುದು. ಅದರಲ್ಲಿ ನಿಮ್ಮ ಪಾಲೂ ಇದೆ.

ಸಿಬಿಸಿಟಿ ಸ್ಕ್ಯಾನ್ ಬರೆದುಕೊಟ್ಟಿದ್ದಾರೆ. ಮಾಡಿಸಬೇಕಾ?

ಇಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಪ್ರಶ್ನೆ ಕೇಳಿ. ಸಿಬಿಸಿಟಿ ಮೂರು ಆಯಾಮದ ಚಿತ್ರ. ಇದರ ವಿಕಿರಣ ಹತ್ತಾರು ಮೈಕ್ರೋಸೀವರ್ಟ್‌ನಿಂದ ನೂರಾರರವರೆಗೆ ಹೋಗಬಹುದು, ಎಷ್ಟು ಭಾಗ ತೆಗೆಯುತ್ತಾರೆ ಎನ್ನುವುದರ ಮೇಲೆ ನಿಂತಿದೆ. ಮೂಳೆಯಲ್ಲಿ ಅಡಗಿದ ಕೋರೆ ಹಲ್ಲು ಪಕ್ಕದ ಬೇರನ್ನು ತಿನ್ನುತ್ತಿದೆಯೇ, ಹೆಚ್ಚುವರಿ ಹಲ್ಲು ಎಲ್ಲಿ ಕೂತಿದೆ, ಸೀಳು ಅಂಗುಳದ ಮಗುವಿನ ಮೂಳೆ ಹೇಗಿದೆ, ಇಂಥ ವಿಷಯಗಳಿಗೆ ಅದು ನಿಜಕ್ಕೂ ದೊಡ್ಡ ಸಹಾಯ. ಹುಳುಕು ಹುಡುಕಲು ಬೇಡ. ಕ್ಲಿಪ್ ಹಾಕುವ ಮೊದಲು ಎಲ್ಲರಿಗೂ ಮಾಡಿಸುವುದೂ ಬೇಡ. ಬೇಕೇ ಬೇಕು ಎಂದಾದರೆ, ಬೇಕಾದಷ್ಟು ಚಿಕ್ಕ ಭಾಗಕ್ಕೆ ಮಾತ್ರ ಮಾಡಲು ಹೇಳಿ.

ನಮ್ಮ ಮಗು ಅಳುತ್ತದೆ, ವಾಂತಿ ಬಂದಂತೆ ಮಾಡುತ್ತದೆ. ಏನು ಮಾಡುವುದು?

ಇದು ತುಂಬಾ ಸಾಮಾನ್ಯ, ಮಗುವಿನ ತಪ್ಪಲ್ಲ. ಚಿಕ್ಕ ಬಾಯಿಗೆ ಗಟ್ಟಿ ಸೆನ್ಸರ್ ಇಟ್ಟರೆ ದೊಡ್ಡವರಿಗೂ ಕಿರಿಕಿರಿಯೇ.

ಮಕ್ಕಳಿಗೆಂದೇ ಚಿಕ್ಕ ಅಳತೆ ಇದೆ. ಸೊನ್ನೆ ನಂಬರಿನ ಫಿಲ್ಮ್ ಸುಮಾರು 22 ಮಿಲಿಮೀಟರ್ ಅಗಲ, 35 ಮಿಲಿಮೀಟರ್ ಉದ್ದ ಇರುತ್ತದೆ. ವೈರಿರುವ ದಪ್ಪ ಸೆನ್ಸರ್ ತಡೆಯಲಾಗದ ಮಗುವಿಗೆ ಫಿಲ್ಮಿನಂತೆ ತೆಳ್ಳಗಿನ, ವೈರಿಲ್ಲದ ಫಾಸ್ಫರ್ ಪ್ಲೇಟ್ ಸುಲಭ. ಮೊದಲು ಕೈಯಲ್ಲಿ ಮುಟ್ಟಲು ಕೊಟ್ಟು, ಕನ್ನಡಿಯಲ್ಲಿ ತೋರಿಸಿ, ಒಮ್ಮೆ ಬರೀ ಕಚ್ಚಿಸಿ ನೋಡಿ, ಆಮೇಲೆ ನಿಜವಾಗಿ ತೆಗೆದರೆ ಬಹಳ ಮಕ್ಕಳು ಒಪ್ಪುತ್ತಾರೆ. ಸುಲಭದ ಚಿತ್ರ ಮೊದಲು, ಹಿಂದಿನ ಹಲ್ಲು ಕೊನೆಗೆ. ಯಂತ್ರವನ್ನು ಮೊದಲೇ ಸರಿಯಾಗಿ ನಿಲ್ಲಿಸಿಟ್ಟುಕೊಂಡರೆ ಫಿಲ್ಮ್ ಬಾಯಲ್ಲಿ ಇರುವ ಸಮಯ ಕೆಲವೇ ಸೆಕೆಂಡು.

ವಾಕರಿಕೆ ಬರುವ ಮಗುವಿಗೆ ಮೂಗಿನಿಂದ ಉಸಿರಾಡಲು ಹೇಳುತ್ತೇವೆ. ಒಂದು ಕಾಲನ್ನು ಎತ್ತಿ ಹಿಡಿ, ಕಾಲ್ಬೆರಳು ಆಡಿಸು ಎನ್ನುತ್ತೇವೆ. ಗಮನ ಅತ್ತ ಹೋದರೆ ಗಂಟಲು ಶಾಂತವಾಗುತ್ತದೆ. ನಾಲಿಗೆ ತುದಿಗೆ ಚಿಟಿಕೆ ಉಪ್ಪು ಇಡುವ ಉಪಾಯವೂ ಹಲವರಿಗೆ ಕೆಲಸ ಮಾಡುತ್ತದೆ.

ಮನೆಯಲ್ಲಿ ನೀವು ಮಾಡಬಹುದಾದದ್ದು ಇಷ್ಟು. ಹೊಟ್ಟೆ ತುಂಬ ಊಟ ಮಾಡಿಸಿ ಕೂಡಲೇ ಕರೆತರಬೇಡಿ. "ನೋವಾಗಲ್ಲ, ಹೆದರಬೇಡ" ಎಂದು ಹತ್ತು ಸಲ ಹೇಳಬೇಡಿ, ಆಗಲೇ ಮಗುವಿಗೆ ಅನುಮಾನ ಬರುವುದು. "ಹಲ್ಲಿನ ಫೋಟೋ ತೆಗೆಯುತ್ತಾರೆ, ಅಲ್ಲಾಡದೆ ಕೂರಬೇಕು" ಎಂದರೆ ಸಾಕು. ಬೈದು, ಹೆದರಿಸಿ ಕೂರಿಸಲೇಬೇಡಿ. ತುರ್ತು ಇಲ್ಲದಿದ್ದರೆ ಆ ದಿನ ಬಿಟ್ಟು ಇನ್ನೊಂದು ದಿನ ಪ್ರಯತ್ನ ಮಾಡುವುದು ಎಷ್ಟೋ ಮೇಲು.

ನಾನು ಒಳಗೆ ಮಗುವಿನ ಜೊತೆ ಇರಬಹುದಾ?

ಬೇಕಾದರೆ ಇರಬಹುದು. ಪುಟ್ಟ ಮಗುವನ್ನು ಹಿಡಿದುಕೊಳ್ಳಲೇಬೇಕಾದರೆ ಅಪ್ಪನೋ ಅಮ್ಮನೋ ಸೀಸದ ಏಪ್ರನ್ ಹಾಕಿಕೊಂಡು ಹಿಡಿಯುತ್ತಾರೆ. ಕ್ಲಿನಿಕ್ಕಿನ ಸಿಬ್ಬಂದಿ ದಿನಾ ಅದೇ ಕೆಲಸ ಮಾಡುವವರಾದ್ದರಿಂದ ಅವರು ಹಿಡಿಯುವುದಿಲ್ಲ. ಗರ್ಭಿಣಿಯಾಗಿದ್ದರೆ, ಇರಬಹುದೆಂಬ ಅನುಮಾನವಿದ್ದರೂ ಸರಿ, ಮೊದಲೇ ಹೇಳಿ ಹೊರಗೆ ನಿಲ್ಲಿ.

ಆಡುವಾಗ ಬಿದ್ದು ಹಲ್ಲಿಗೆ ಪೆಟ್ಟಾಗಿದೆ. ನೋವೇ ಇಲ್ಲ ಎನ್ನುತ್ತಾನೆ. ಆದರೂ ಎಕ್ಸ್‌ರೇ ಬೇಕಾ?

ಹೆಚ್ಚಾಗಿ ಬೇಕು. ಹಲ್ಲು ಮೇಲೆ ಸರಿಯಾಗಿದ್ದರೂ ಒಸಡಿನೊಳಗೆ ಬೇರು ಮುರಿದಿರಬಹುದು. ಕಾಣದೇ ಹೋದ ಹಲ್ಲು ಎಲ್ಲಿಗೆ ಹೋಯಿತು ಎನ್ನುವುದೂ ಗೊತ್ತಾಗಬೇಕು. ಬಿದ್ದುಹೋಗಿದೆ ಎಂದುಕೊಂಡ ಹಾಲುಹಲ್ಲು ಕೆಲವೊಮ್ಮೆ ಮೂಳೆಯೊಳಗೆ ತೂರಿಕೊಂಡಿರುತ್ತದೆ. ತುಟಿ ಹರಿದು ಹಲ್ಲಿನ ಚೂರು ಸಿಗದಿದ್ದರೆ ಆ ಚೂರು ತುಟಿಯೊಳಗೇ ಇರಬಹುದು. ತುಟಿಯ ಎಕ್ಸ್‌ರೇ ತೆಗೆದರೆ ತಿಳಿಯುತ್ತದೆ.

ಮೊದಲ ದಿನದ ಚಿತ್ರ ಮುಂದೆ ಹೋಲಿಸಿ ನೋಡಲು ಬೇಕೇ ಬೇಕು. ಪೆಟ್ಟಾದ ಹಲ್ಲಿನ ನರ ತಿಂಗಳುಗಳ ನಂತರ ಸಾಯಬಹುದು, ಬೇರು ಕರಗಬಹುದು. ಅದಕ್ಕೇ ಕೆಲವು ವಾರ, ಕೆಲವು ತಿಂಗಳ ನಂತರ ಮತ್ತೆ ಕರೆಯುತ್ತಾರೆ. ನೋವಿಲ್ಲ ಎಂದು ತಪ್ಪಿಸಬೇಡಿ.

ಎಕ್ಸ್‌ರೇ ವಿಷಯ ಅಲ್ಲದಿದ್ದರೂ ಇಲ್ಲಿ ಹೇಳಲೇಬೇಕು: ಶಾಶ್ವತ ಹಲ್ಲು ಬೇರು ಸಮೇತ ಹೊರಬಿದ್ದರೆ ಬೇರನ್ನು ಮುಟ್ಟದೆ ಎತ್ತಿ, ಕೊಳೆಯಿದ್ದರೆ ಮೆಲ್ಲಗೆ ತೊಳೆದು, ಆಗಲೇ ಅದರ ಜಾಗಕ್ಕೆ ಕೂರಿಸಿ. ಆಗದಿದ್ದರೆ ಹಾಲಿನಲ್ಲಿ ಹಾಕಿಕೊಂಡು ಓಡಿ ಬನ್ನಿ. ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಹಾಲುಹಲ್ಲನ್ನು ಮಾತ್ರ ಮತ್ತೆ ಕೂರಿಸಬಾರದು.

ಒಂದು ಕಡೆ ಹೊಸ ಹಲ್ಲು ಬಂತು, ಇನ್ನೊಂದು ಕಡೆ ಬಂದೇ ಇಲ್ಲ. ಕಾಯಬಹುದಾ?

ಎಡ ಬಲಗಳ ನಡುವೆ ಕೆಲವು ತಿಂಗಳ ವ್ಯತ್ಯಾಸ ಮಾಮೂಲು. ಆರು ತಿಂಗಳು ದಾಟಿದರೆ ತೋರಿಸಿ. ಮೇಲಿನ ಮುಂದಿನ ಹಲ್ಲುಗಳ ನಡುವೆ ಒಂದು ಹೆಚ್ಚುವರಿ ಹಲ್ಲು ಮೂಳೆಯಲ್ಲಿ ಕೂತು ದಾರಿ ತಡೆದಿರಬಹುದು. ಕೆಲವು ಮಕ್ಕಳಿಗೆ ಹಲ್ಲಿನ ಮೊಳಕೆಯೇ ಇರುವುದಿಲ್ಲ. ಮೇಲಿನ ಕೋರೆ ಹಲ್ಲಿನ ಉಬ್ಬು ಒಸಡಿನ ಮೇಲೆ ಹತ್ತು ವರ್ಷದ ಹೊತ್ತಿಗೆ ಬೆರಳಿಗೆ ಸಿಗಬೇಕು. ಸಿಗದಿದ್ದರೆ ಎಕ್ಸ್‌ರೇ ತೆಗೆದು ನೋಡುತ್ತೇವೆ. ಆ ವಯಸ್ಸಿನಲ್ಲಿ ಗೊತ್ತಾದರೆ ಹಾಲುಕೋರೆ ತೆಗೆದು ಅದಕ್ಕೆ ದಾರಿ ಮಾಡಿಕೊಡಬಹುದು.

ಎಕ್ಸ್‌ರೇ ಬೇಡ ಎಂದರೆ ಬೇರೆ ದಾರಿ ಇದೆಯಾ?

ಸ್ವಲ್ಪ ಮಟ್ಟಿಗೆ ಇದೆ. ಹಲ್ಲಿನ ಮೂಲಕ ಬೆಳಕು ಹಾಯಿಸಿ ನೋಡಬಹುದು. ಎರಡು ಹಲ್ಲುಗಳ ನಡುವೆ ಚಿಕ್ಕ ರಬ್ಬರ್ ಬಳೆ ಕೆಲವು ದಿನ ಇಟ್ಟು ಸಂದು ಅಗಲಿಸಿ ಕಣ್ಣಿನಿಂದಲೇ ನೋಡಬಹುದು. ಆದರೆ ಬೇರು, ಮೂಳೆ, ಮೊಳಕೆಗಳನ್ನು ಇವು ಯಾವುವೂ ತೋರಿಸುವುದಿಲ್ಲ. ಬೇಡ ಎನ್ನುವ ಹಕ್ಕು ನಿಮಗಿದೆ. ಹಾಗೆಯೇ, ನರದ ಚಿಕಿತ್ಸೆಯಂಥ ಕೆಲಸವನ್ನು ಎಕ್ಸ್‌ರೇ ಇಲ್ಲದೆ ಮಾಡಲಾರೆ ಎಂದು ಡಾಕ್ಟರು ಹೇಳಿದರೆ ಅದು ಹಠವಲ್ಲ, ಮಗುವಿನ ಮೇಲಿನ ಕಾಳಜಿ.

ಚಿತ್ರದಲ್ಲಿ ಕಪ್ಪು ಕಂಡಿದ್ದೆಲ್ಲ ಹುಳುಕಾ?

ಅಲ್ಲ. ನರ ಇರುವ ಜಾಗ ಕಪ್ಪಗೇ ಇರುತ್ತದೆ. ಬೆಳೆಯುತ್ತಿರುವ ಹಲ್ಲಿನ ಸುತ್ತಲಿನ ಚೀಲವೂ ಕಪ್ಪು ಗೆರೆಯಾಗಿ ಕಾಣುತ್ತದೆ. ಸ್ಕ್ರೀನ್ ನೋಡಿ ಗಾಬರಿಯಾಗಬೇಡಿ, ಯಾವುದು ಏನೆಂದು ಬೆರಳಿಟ್ಟು ತೋರಿಸಲು ಹೇಳಿ.

ಇನ್ನೊಂದು ಮಾತು. ಹಲ್ಲಿನ ಖನಿಜ ಸುಮಾರು 30–40 ಶೇಕಡ ಕರಗಿದ ಮೇಲಷ್ಟೇ ಎಕ್ಸ್‌ರೇಯಲ್ಲಿ ಹುಳುಕು ಕಾಣುತ್ತದೆ. ಆದ್ದರಿಂದ ಚಿತ್ರದಲ್ಲಿ ಕಂಡದ್ದಕ್ಕಿಂತ ನಿಜವಾದ ಹುಳುಕು ಸ್ವಲ್ಪ ದೊಡ್ಡದೇ ಇರುತ್ತದೆ. ತೀರಾ ಮೊದಲ ಹಂತದ ಬಿಳಿ ಮಚ್ಚೆ ಎಕ್ಸ್‌ರೇಗೆ ಸಿಗದು, ಅದಕ್ಕೆ ಕಣ್ಣೇ ಬೇಕು. ಎನಾಮೆಲ್‌ನಲ್ಲಷ್ಟೇ ಇರುವ ನೆರಳಿಗೆ ತಕ್ಷಣ ಕೊರೆಯುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಫ್ಲೋರೈಡ್ ಹಚ್ಚಿ, ಸಂದು ಸ್ವಚ್ಛ ಮಾಡಿಸಿ, ಸಿಹಿ ತಿನ್ನುವ ಸಲಗಳನ್ನು ಕಡಿಮೆ ಮಾಡಿದರೆ ಅದು ಅಲ್ಲಿಗೇ ನಿಲ್ಲಬಹುದು. ನಿಂತಿದೆಯಾ ಎಂದು ನೋಡಲು ಮುಂದಿನ ಎಕ್ಸ್‌ರೇ.

ತೆಗೆಯುವ ಮೊದಲು ಡಾಕ್ಟರಿಗೆ ಏನೇನು ಹೇಳಬೇಕು?

ಇತ್ತೀಚೆಗೆ ಬೇರೆ ಕಡೆ ಹಲ್ಲಿನ ಎಕ್ಸ್‌ರೇ ತೆಗೆಸಿದ್ದರೆ ಅದನ್ನು. ಮಗುವಿಗೆ ತಲೆ ಅಥವಾ ಕುತ್ತಿಗೆಗೆ ವಿಕಿರಣ ಚಿಕಿತ್ಸೆ ಆಗಿದ್ದರೆ ಅದನ್ನು. ಓಪಿಜಿ ಇದ್ದರೆ ಕಿವಿಯೋಲೆ, ಸರ, ಹೇರ್‌ಪಿನ್, ಕನ್ನಡಕ ತೆಗೆದಿಡಿ.

ಡಾಕ್ಟರನ್ನು ಬದಲಾಯಿಸಿದರೆ ಮತ್ತೆ ಎಲ್ಲಾ ತೆಗೆಸಬೇಕಾ?

ಬೇಕಿಲ್ಲ. ಹಳೆಯ ಚಿತ್ರಗಳ ಪ್ರತಿ ಕೇಳಿ ಪಡೆಯಿರಿ. ಸ್ಕ್ರೀನಿಗೆ ಮೊಬೈಲ್ ಹಿಡಿದು ತೆಗೆದ ಫೋಟೋದಲ್ಲಿ ಸಣ್ಣ ಹುಳುಕು ಕಾಣುವುದಿಲ್ಲ. ಮೂಲ ಫೈಲನ್ನೇ ಇಮೇಲ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಕೊಡಲು ಹೇಳಿ. ಫಿಲ್ಮ್ ಆದರೆ ಬಿಸಿಲು, ತೇವ ತಾಗದಂತೆ ಕವರಿನಲ್ಲಿಡಿ. ಮಗುವಿನ ಹೆಸರು, ತಾರೀಕು, ಎಡವೋ ಬಲವೋ ಎನ್ನುವುದು ಬರೆದಿರಲಿ. ಹೊಸ ಡಾಕ್ಟರಿಗೆ ಮೊದಲ ಭೇಟಿಯಲ್ಲೇ ಇದನ್ನು ಕೊಡಿ. ಹಿಂದಿನ ವರ್ಷದ ಚಿತ್ರ ಪಕ್ಕದಲ್ಲಿದ್ದರೆ ಹುಳುಕು ಬೆಳೆದಿದೆಯೋ ನಿಂತಿದೆಯೋ ಎಂದು ಅವರು ಅಲ್ಲೇ ಹೇಳಬಲ್ಲರು, ಹೊಸ ಎಕ್ಸ್‌ರೇ ಈಗಲೇ ಬೇಕೋ ಬೇಡವೋ ಎಂಬುದನ್ನೂ.